ಇಪ್ಪತ್ತೇಳನೇ ನಂಬರಿನ ಕೀಲಿ

ಹೈದರಾಬಾದಿನ ಗಚ್ಚಿಬೌಲಿಯ ಆ ಸಾಫ್ಟ್‌ವೇರ್ ಕಂಪನಿಯ ನಾಲ್ಕನೇ ಮಹಡಿಯಲ್ಲಿ ತೊಂಬತ್ತು ಜನ ಕೂರುತ್ತಿದ್ದರು. ಅವರಲ್ಲಿ ನಲವತ್ತು ದಾಟಿದವನು ಚಂದ್ರಾಮನೊಬ್ಬನೇ. ಕೂದಲಿಗೆ ಬಣ್ಣ ಹಚ್ಚುತ್ತಿದ್ದ, ಅದು ಎಲ್ಲರಿಗೂ ಗೊತ್ತಿತ್ತು. ಹುಡುಗರು ಎದುರಿಗೆ ಸರ್ ಅನ್ನುತ್ತಿದ್ದರು, ಬೆನ್ನ ಹಿಂದೆ ತಾತಾ ಅನ್ನುತ್ತಿದ್ದರು. ತೆಲುಗಿನಲ್ಲೂ ತಾತ ಅಂದರೆ ತಾತನೇ ಆದ್ದರಿಂದ ಅವನಿಗೆ ಅರ್ಥವಾಗದೆ ಉಳಿಯುವ ಅನುಕೂಲವೂ ಇರಲಿಲ್ಲ.

ಮೊದಲು ಅವನು ಒಂದು ಸರಕಾರಿ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದ. ಕಾಯಂ ನೌಕರಿ. ಎರಡು ಸಾವಿರದ ಆರರಲ್ಲಿ ಊರಿಗೆ ಊರೇ ಗಚ್ಚಿಬೌಲಿಯ ಕಡೆ ಓಡುತ್ತಿದ್ದಾಗ ಇವನಿಗೂ ಕಾಲು ನಿಲ್ಲಲಿಲ್ಲ. ಅಪ್ಪ ಸಂಗಣ್ಣ ಬೇಡವೆಂದ, ಹೆಂಡತಿ ಅಹಲ್ಯಾ ಬೇಡವೆಂದಳು, ಇವನು ರಾಜೀನಾಮೆ ಬರೆದುಕೊಟ್ಟು ಬಂದ. ಬಂದ ಆರು ತಿಂಗಳಿಗೇ ತಾನು ಎಂಥ ಕಡೆ ಬಂದಿದ್ದೇನೆಂದು ತಿಳಿಯಿತು. ಇಲ್ಲಿ ಇಪ್ಪತ್ತಾರು ವರ್ಷದ ಹುಡುಗನನ್ನು ಬಿಟ್ಟರೆ ಅವನಿಗೆ ಮರುದಿನ ಎದುರಿನ ಕಟ್ಟಡದಲ್ಲಿ ಕೆಲಸ. ನಲವತ್ಮೂರರ ಚಂದ್ರಾಮನನ್ನು ಬಿಟ್ಟರೆ ಯಾವ ಕಟ್ಟಡದವರೂ ಕರೆಯುವುದಿಲ್ಲ. ಈ ಒಂದು ಭಯ ಅವನ ಹೊಟ್ಟೆಯಲ್ಲಿ ಸದಾ ಇತ್ತು. ಬೆಳಿಗ್ಗೆ ಹಲ್ಲುಜ್ಜುವಾಗಲೂ ಇತ್ತು.

ಆ ಭಯದಿಂದಲೇ ಅವನು ಅವತ್ತು ಮೀಟಿಂಗಿನಲ್ಲಿ ಕೈ ಎತ್ತಿದ್ದು.

ವಿಷಯ ಏನೆಂದು ಹೇಳಿಬಿಡುತ್ತೇನೆ. ಬೆಳಿಗ್ಗೆ ಹೊತ್ತು ಜೀಡಿಮೆಟ್ಲಾದ ಚೌಕದಲ್ಲಿ ಕೂಲಿಗಳ ಅಡ್ಡಾ ನೋಡಿದವರಿಗೆ ಇದು ತಟ್ಟನೆ ತಿಳಿಯುತ್ತದೆ. ಕೂಲಿಗಳು ಕೂತಿರುತ್ತಾರೆ, ಕೆಲಸ ಇದ್ದವರು ಬಂದು ಕರೆಯುತ್ತಾರೆ, ಬಿಡುವಾಗಿದ್ದವನು ಎದ್ದು ಹೋಗುತ್ತಾನೆ, ಮುಗಿಸಿ ಬಂದು ಮತ್ತೆ ಕೂರುತ್ತಾನೆ. ಕಂಪನಿಯ ಸಾಫ್ಟ್‌ವೇರಿನೊಳಗೂ ಇಂಥದೊಂದು ಅಡ್ಡಾ ಇತ್ತು. ಅದಕ್ಕೆ ಥ್ರೆಡ್ ಪೂಲ್ ಅನ್ನುತ್ತಿದ್ದರು. ಅದರಲ್ಲಿ ಹದಿನಾರು ಥ್ರೆಡ್ಡುಗಳು, ಅಂದರೆ ಹದಿನಾರು ಕೂಲಿಗಳು. ಒಂಬತ್ತು ತಂಡಗಳು ಬರೆದ ಒಂಬತ್ತು ಪ್ರೋಗ್ರಾಮುಗಳು ಇದೇ ಹದಿನಾರು ಜನರಿಂದ ದುಡಿಸಿಕೊಳ್ಳುತ್ತಿದ್ದವು. ದುಡಿಸಿಕೊಳ್ಳಲು ಒಂಬತ್ತೂ ತಂಡಗಳು ಮುಂದೆ. ಅಡ್ಡಾ ಯಾರದು ಎಂದು ಕೇಳಿದರೆ ಒಬ್ಬರೂ ಇಲ್ಲ.

ಗ್ರಾಹಕರು ಅಮೆರಿಕದ ಆರೋಗ್ಯ ವಿಮೆಯವರು. ಅಲ್ಲಿ ಬೆಳಗಾಗುವ ಮುಂಚೆ, ಅಂದರೆ ಇಲ್ಲಿ ಮಧ್ಯಾಹ್ನ ನಾಲ್ಕಕ್ಕೆ, ಇಡೀ ಸಾಫ್ಟ್‌ವೇರನ್ನು ದಿನವೂ ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ನಿಲ್ಲಿಸುವಾಗ ಅಡ್ಡಾವನ್ನೂ ಮುಚ್ಚಬೇಕು. ಯಾರು ಮುಚ್ಚಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ. ಒಂದು ದಿನ ಪತ್ರ ಕಳಿಸುವ ಪ್ರೋಗ್ರಾಮು ಬರೆದ ಹುಡುಗ, ತನ್ನ ಕೆಲಸ ಮುಗಿಯಿತಲ್ಲ ಎಂದು ಅಡ್ಡಾ ಮುಚ್ಚುವ ಸಾಲೊಂದನ್ನು ಕೊನೆಗೆ ಸೇರಿಸಿದ. ಕೋಣೆಯಿಂದ ಹೊರಗೆ ಬರುವಾಗ ದೀಪ ಆರಿಸಬೇಕು ಎಂದು ತಾಯಿ ಕಲಿಸಿದ ಒಳ್ಳೆಯ ಹುಡುಗ. ಕೋಣೆಯಲ್ಲಿ ಇನ್ನೂ ಎಂಟು ಜನ ಊಟಕ್ಕೆ ಕೂತಿದ್ದಾರೆಂದು ಅವನಿಗೆ ಹೊಳೆಯಲಿಲ್ಲ. ಉಳಿದ ಎಂಟು ಪ್ರೋಗ್ರಾಮುಗಳ ಕೆಲಸ ನಡು ಹೊತ್ತಿನಲ್ಲಿ ನಿಂತುಹೋಯಿತು.

ಆ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಫೈಲಿನ ಮೊದಲ ಸಾಲಿನಲ್ಲಿ ಅದರ ಓನರ್ ಯಾರು, ಅವನ ಮೊಬೈಲ್ ನಂಬರ್ ಏನು ಎಂದು ಬರೆದಿರಬೇಕು. ಏನಾದರೂ ಕೆಟ್ಟರೆ ಆ ನಂಬರಿಗೆ ಫೋನು. ಪೂಲಿನ ಫೈಲು ತೆರೆದು ನೋಡಿದರೆ ಓನರ್ ಯಶವಂತ ಎಂದಿತ್ತು. ಯಶವಂತ ಕಂಪನಿ ಬಿಟ್ಟು ಎರಡು ವರ್ಷವಾಗಿತ್ತು. ಆದರೂ ಪದ್ಧತಿ ಪದ್ಧತಿಯೇ, ಫೋನು ಹೋಯಿತು. ಯಶವಂತ ಬೆಂಗಳೂರಿನ ಯಾವುದೋ ಛತ್ರದಲ್ಲಿ ತನ್ನ ತಂಗಿಯ ಮದುವೆಗೆ ಎಲೆ ಹಾಕಿಸುತ್ತಿದ್ದನಂತೆ. ಅವನು ಅಚ್ಚಗನ್ನಡದಲ್ಲಿ ಬೈದದ್ದು ಸ್ಪೀಕರಿನಲ್ಲಿ ನಾಲ್ಕನೇ ಮಹಡಿಗೆಲ್ಲ ಕೇಳಿಸಿತು. ಎಲ್ಲರೂ ನಕ್ಕರು. ಕನ್ನಡ ತಿಳಿಯುತ್ತಿದ್ದ ಚಂದ್ರಾಮ ಎಲ್ಲರಿಗಿಂತ ಜೋರಾಗಿ ನಕ್ಕ.

ಮಾರನೇ ದಿನ ಮ್ಯಾನೇಜರ್ ಉಪೇಂದ್ರ ಮೀಟಿಂಗ್ ಕರೆದ. ಬೆಂಗಳೂರಿನ ಕಡೆಯವನು, ಮೂವತ್ತೆರಡು ವರ್ಷ, ನಗುವಾಗ ಕೂಡ ಗಡಿಯಾರ ನೋಡುವ ಮನುಷ್ಯ.

"ಈ ಪೂಲಿಗೆ ಒಬ್ರು ಓನರ್ ಬೇಕು. ಯಾರು ತಗೋತೀರಾ?" ಎಂದ.

ತಟ್ಟನೆ ಎಲ್ಲರಿಗೂ ತಮ್ಮ ತಮ್ಮ ಲ್ಯಾಪ್‌ಟಾಪಿನಲ್ಲಿ ನೋಡುವಂಥದ್ದು ಏನೋ ಕಾಣಿಸಿತು. ಚಂದ್ರಾಮ ಲೆಕ್ಕ ಹಾಕಿದ. ಒಂಬತ್ತು ತಂಡಕ್ಕೆ ಬೇಕಾದ ವಸ್ತು ನನ್ನ ಹೆಸರಿನಲ್ಲಿದ್ದರೆ ನನ್ನನ್ನು ಮುಟ್ಟುವವರು ಯಾರು? ಕೈ ಎತ್ತಿದ.

ಮನೆಗೆ ಬಂದು ಅಪ್ಪನಿಗೆ ಹೇಳಿದ. ಸಂಗಣ್ಣ ಚಿಂಚೋಳಿ ತಾಲೂಕಿನಿಂದ ಹುಡುಗನಾಗಿದ್ದಾಗಲೇ ಬಂದು, ಜೀಡಿಮೆಟ್ಲಾದ ಬಣ್ಣದ ಪುಡಿಯ ಕಾರ್ಖಾನೆಯೊಂದರಲ್ಲಿ ಮಷೀನು ರಿಪೇರಿಯ ಕೆಲಸ ಮಾಡಿ ನಿವೃತ್ತನಾದ ಮುದುಕ. ಕಂಪ್ಯೂಟರ್ ಅವನಿಗೆ ತಿಳಿಯದು. ಆದರೆ ಹತ್ತು ಜನ ಬಳಸುವ ವಸ್ತುವನ್ನು ಯಾರು ನಿಲ್ಲಿಸಬೇಕು ಎಂಬ ಪ್ರಶ್ನೆ ಅವನಿಗೆ ಮಗನಿಗಿಂತ ಚೆನ್ನಾಗಿ ತಿಳಿದಿತ್ತು.

"ನಮ್ಮ ಫ್ಯಾಕ್ಟರಿಯೊಳಗ ಮೇನ್ ಸ್ವಿಚ್ಚಿಗೆ ಒಂದು ಕಬ್ಬಿಣದ ಪಟ್ಟಿ ಇರ್ತಿತ್ತು, ತಮ್ಮಾ," ಎಂದ. "ಅದರಾಗ ಎಂಟು ತೂತು. ರಿಪೇರಿಗೆ ಒಳಗ ಹೋಗೋ ಒಬ್ಬೊಬ್ಬನೂ ತನ್ನ ಕೀಲಿ ಅದಕ್ಕ ಹಾಕಿ, ಚಾವಿ ಬಕ್ಕಣದಾಗ ಇಟ್ಕೊಂಡು ಹೋಗಬೇಕು. ಹೊರಗ ಬಂದ ಮ್ಯಾಲೆ ತನ್ನ ಕೀಲಿ ತಾನ ತಗೀಬೇಕು. ಕಡೀ ಕೀಲಿ ತಗಿಯೋತನಕ ಸ್ವಿಚ್ ಹಾಕಾಕ ಬರಂಗಿಲ್ಲ. ಮಾಲಕ ಬಂದ್ರೂ ಬರಂಗಿಲ್ಲ."

ಬೀಗಕ್ಕೆ ಅವರ ಕಡೆ ಕೀಲಿ ಅನ್ನುತ್ತಾರೆ. ಸಂಗಣ್ಣ ಎದ್ದು ಹೋಗಿ ಟ್ರಂಕಿನಿಂದ ತನ್ನ ಕೀಲಿ ತಂದ. ಹಿತ್ತಾಳೆಯದು, ಮೇಲೆ ಇಪ್ಪತ್ತೇಳು ಎಂದು ನಂಬರು ಕೊರೆದಿತ್ತು.

"ಯಾರರ ಕೀಲಿ ತಗಿಯೋದು ಮರೆತು ಮನೀಗೆ ಹೋದ್ರ?" ಎಂದು ಚಂದ್ರಾಮ ಕೇಳಿದ.

ಮುದುಕ ಕೀಲಿಯನ್ನು ಅಂಗೈಯಲ್ಲಿ ಹೊರಳಿಸಿದ. ಆಮೇಲೆ ಮಲ್ಲಪ್ಪನ ಕಥೆ ಹೇಳಿದ. ಮಲ್ಲಪ್ಪ ಅವನ ಊರಿನವನೇ, ಒಂದೇ ಲಾರಿಯಲ್ಲಿ ಹೈದರಾಬಾದಿಗೆ ಬಂದವರು. ಮರೆಗುಳಿ. ಎರಡು ಸಲ ಕೀಲಿ ತೆಗೆಯದೆ ಮನೆಗೆ ಹೋಗಿ, ಆಳು ಕಳಿಸಿ ಕರೆಸಬೇಕಾಗಿತ್ತು. ಮೂರನೇ ಸಲ ಪಾಳಿ ಮುಗಿದ ಮೇಲೆ ಪಟ್ಟಿಯಲ್ಲಿ ಅವನ ಕೀಲಿಯೊಂದೇ ನೇತಾಡುತ್ತಿದ್ದಾಗ ಪಾಳಿಯ ಸಾಹೇಬನಿಗೆ ಸಿಟ್ಟು ಬಂತು. "ಒಳಗ ಯಾರೂ ಇಲ್ಲ, ಕೊಯ್ರಿ," ಎಂದ. ಗರಗಸದಿಂದ ಕೊಯ್ದರು. ಸ್ವಿಚ್ ಹಾಕಿದರು. ಮಲ್ಲಪ್ಪ ಆ ಸಲ ಮನೆಗೆ ಹೋಗಿರಲಿಲ್ಲ. ಪುಡಿ ಕಲಸುವ ಡ್ರಮ್ಮಿನೊಳಗೆ ಬೋಲ್ಟು ಬಿಗಿಯುತ್ತಿದ್ದ.

"ಕೀಲಿ ಕೊಯ್ಯೋಕಿಂತ ಮೊದಲು ಒಳಗ ಹೋಗಿ ನೋಡಬೇಕು, ತಮ್ಮಾ," ಎಂದ ಸಂಗಣ್ಣ. "ಇಷ್ಟ ಐತಿ ಅದರಾಗ. ಬ್ಯಾರೆ ಏನೂ ಇಲ್ಲ."

ಚಂದ್ರಾಮ ಪೂಲನ್ನು ಹಾಗೆಯೇ ಕಟ್ಟಿದ. ಇದರಲ್ಲಿ ಅವನಿಗೆ ಸಲ್ಲಬೇಕಾದ ಹೊಗಳಿಕೆ ಸಲ್ಲಲಿ. ಯಾವ ಪ್ರೋಗ್ರಾಮು ಕೂಲಿಗಳನ್ನು ಬಳಸಬೇಕಾದರೂ ಮೊದಲು ತನ್ನ ಹೆಸರಿನ ಕೀಲಿ ಹಾಕಬೇಕು, ಮುಗಿದ ಮೇಲೆ ತೆಗೆಯಬೇಕು. ಯಾರಾದರೂ ಮುಚ್ಚು ಎಂದರೆ ಅವರ ಕೀಲಿಯಷ್ಟೇ ಬೀಳುತ್ತದೆ, ಅಡ್ಡಾಕ್ಕೆ ಏನೂ ಆಗುವುದಿಲ್ಲ. ನಾಲ್ಕು ಗಂಟೆಗೆ ಹೊಸ ಕೆಲಸ ತೆಗೆದುಕೊಳ್ಳುವುದು ನಿಲ್ಲುತ್ತದೆ, ಹಿಡಿದ ಕೆಲಸ ಮುಗಿಯುತ್ತದೆ, ಕಡೆಯ ಕೀಲಿ ಬಿದ್ದಾಗ ಅಡ್ಡಾ ತಾನಾಗಿ ಮುಚ್ಚುತ್ತದೆ. ಫ್ಯಾಕ್ಟರಿಯಲ್ಲಿ ಕೀಲಿ ಇದ್ದರೆ ಮಷೀನು ಶುರುವಾಗುವಂತಿಲ್ಲ, ಇಲ್ಲಿ ಕೀಲಿ ಇದ್ದರೆ ಮುಚ್ಚುವಂತಿಲ್ಲ, ಅಷ್ಟೇ ವ್ಯತ್ಯಾಸ. ಫೈಲಿನ ಮೊದಲ ಸಾಲಿನಲ್ಲಿ ಯಶವಂತನನ್ನು ಅಳಿಸಿ ತನ್ನ ಹೆಸರು, ನಂಬರು ಬರೆದ. ಅಪ್ಪ ಕೊಟ್ಟ ಹಿತ್ತಾಳೆ ಕೀಲಿಯನ್ನು ತನ್ನ ಮೇಜಿನ ಡ್ರಾಯರಿಗೆ ಜಡಿದ. ನಾಲ್ಕು ತಿಂಗಳು ಎದೆ ಮುಂದೆ ಮಾಡಿಕೊಂಡು ಓಡಾಡಿದ.

ಆಮೇಲೆ ಮಲ್ಲಪ್ಪಗಳು ಕಾಣಿಸಿಕೊಂಡರು. ಒಂದೊಂದು ಪ್ರೋಗ್ರಾಮು ನಡುವೆ ಎಡವಿ ಬಿದ್ದರೆ ಕೀಲಿ ತೆಗೆಯದೆ ಹೋಗಿಬಿಡುತ್ತಿತ್ತು. ನಾಲ್ಕು ಗಂಟೆಯಾಗುತ್ತದೆ, ಪರದೆಯ ಮೇಲೆ ಬಾಕಿ ಕೀಲಿ ಒಂದು ಎಂದು ಬರುತ್ತದೆ, ಸಾಫ್ಟ್‌ವೇರು ನಿಲ್ಲುವುದೇ ಇಲ್ಲ. ಅಲ್ಲಿಂದ ಅಮೆರಿಕದವರು ಮೇಲ್ ಮೇಲೆ ಮೇಲ್ ಕಳಿಸುತ್ತಾರೆ.

"ಹತ್ತು ನಿಮಿಷ ನೋಡಿ, ಆಮೇಲೆ ಕೀಲಿ ಕಟ್ ಮಾಡಿ ಮುಚ್ಚಿಬಿಡಿ," ಎಂದ ಉಪೇಂದ್ರ. "ಅದಕ್ಕೂ ಒಂದು ಕೋಡ್ ಬರೆದುಬಿಡಿ, ಚಂದ್ರಾಮ್ ಅವರೇ. ಶುಕ್ರವಾರದೊಳಗೆ."

ಸರಿಯಾದ ದಾರಿ ಏನೆಂದು ಚಂದ್ರಾಮನಿಗೆ ಗೊತ್ತಿತ್ತು. ಕೀಲಿ ಹಾಕಿದ ಪ್ರೋಗ್ರಾಮು ಇನ್ನೂ ಕೆಲಸದಲ್ಲಿದೆಯೇ, ಬಿದ್ದು ಸತ್ತಿದೆಯೇ ಎಂದು ಕೇಳಿ ನೋಡಬೇಕು, ಸತ್ತವರ ಕೀಲಿ ಮಾತ್ರ ಕತ್ತರಿಸಬೇಕು. ಅದಕ್ಕೆ ಒಂಬತ್ತೂ ಪ್ರೋಗ್ರಾಮುಗಳನ್ನು ತಿದ್ದಬೇಕು, ಮೂರು ವಾರ ಬೇಕು. ಆದರೆ ಅದು ಎರಡು ಸಾವಿರದ ಎಂಟರ ಅಕ್ಟೋಬರಿನ ಮೊದಲ ವಾರ. ಅಮೆರಿಕದಲ್ಲಿ ಬ್ಯಾಂಕುಗಳು ಮಗುಚಿ ಬೀಳುತ್ತಿದ್ದವು. ಕಂಪನಿಯಲ್ಲಿ ಯಾರನ್ನೆಲ್ಲ ಬಿಡಬೇಕೆಂಬ ಪಟ್ಟಿ ತಯಾರಾಗುತ್ತಿದೆಯೆಂದು ಕ್ಯಾಂಟೀನಿನಲ್ಲಿ ಮಾತು. ಇಂಥ ಹೊತ್ತಿನಲ್ಲಿ ಮೂರು ವಾರ ಬೇಕು ಎನ್ನುವ ಮುದುಕನಾಗಲು ಅವನಿಗೆ ಧೈರ್ಯವಾಗಲಿಲ್ಲ. "ಆಗತೈತ್ರಿ ಸರ್," ಎಂದ. ಶುಕ್ರವಾರದೊಳಗೆ ಬರೆದ. ಕತ್ತರಿಸುವ ಸಾಲು ಬರೆದ, ಒಳಗೆ ಹೋಗಿ ನೋಡುವ ಸಾಲು ಬರೆಯಲಿಲ್ಲ. ಅಪ್ಪನಿಗೆ ಆ ವಾರ ಆಫೀಸಿನ ಸುದ್ದಿಯನ್ನೇ ಹೇಳಲಿಲ್ಲ.

ಗಾನವಿ ಅವನ ಬಳಿ ಬಂದದ್ದು ಮುಂದಿನ ವಾರ. ಉಡುಪಿಯ ಕಡೆಯ ಹುಡುಗಿ, ಇಪ್ಪತ್ನಾಲ್ಕು ವರ್ಷ, ತಿಂಗಳ ಕೊನೆಯ ದಿನ ವಿಮೆಗಳನ್ನು ನವೀಕರಿಸುವ ಪ್ರೋಗ್ರಾಮು ಅವಳದು. ಟೀ ಮಷೀನಿನ ಹತ್ತಿರ ಸಿಕ್ಕಳು.

"ಸರ್, ತಿಂಗಳ ಕೊನೆಗೆ ನನ್ನದಕ್ಕೆ ನಾಲ್ಕರ ಮೇಲೆ ಇಪ್ಪತ್ತೈದು ನಿಮಿಷ ಬೇಕಾಗ್ತದೆ. ಹತ್ತು ನಿಮಿಷಕ್ಕೆ ಕೀಲಿ ಕತ್ತರಿಸಿದ್ರೆ ಅರ್ಧದಲ್ಲೇ ನಿಂತುಹೋಗುದಿಲ್ವಾ?"

"ನಾ ನೋಡ್ತೀನ್ರಿ," ಎಂದ ಚಂದ್ರಾಮ. "ನೀವೇನ್ ಚಿಂತಿ ಮಾಡಬ್ಯಾಡ್ರಿ."

ಗಾನವಿ ಅಲ್ಲಿಗೆ ಬಿಟ್ಟಳು. ಆ ಮಹಡಿಯಲ್ಲಿ ನೀರಿನ ಬಾಟಲಿ ಬೇಕಾದರೂ ಮೇಲ್ ಕಳಿಸಿ ಕೇಳುವ ರೂಢಿ. ತೆಲುಗರು, ತಮಿಳರು, ಬಂಗಾಳಿಗಳು, ಎಲ್ಲರೊಡನೆಯೂ ಅವಳು ಹಾಗೆಯೇ ನಡೆಯುತ್ತಿದ್ದಳು. ಕನ್ನಡದವರ ನಡುವೆ ಮಾತ್ರ ಬಾಯಿಮಾತು. ಹಿರಿಯರು, ನಮ್ಮವರು, ನೋಡುತ್ತೇನೆ ಎಂದಿದ್ದಾರೆ. ಇದರ ಮೇಲೆ ಮೇಲ್ ಕಳಿಸಿದರೆ ನಂಬಿಕೆ ಇಲ್ಲ ಅಂದಂತಾಗುತ್ತದೆ. ಪರಊರಿನಲ್ಲಿ ತಮ್ಮ ಭಾಷೆ ಕೇಳಿದ ಕೂಡಲೇ ಕಾಗದ ಪತ್ರ ಮರೆಯುವ ಈ ರೋಗ ಅವಳಿಗೊಬ್ಬಳಿಗೇ ಇದ್ದದ್ದಲ್ಲ.

ಚಂದ್ರಾಮ ಮರೆಯಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಮರೆತಿದ್ದರೆ ಕ್ಷಮಿಸಬಹುದಿತ್ತು. ಅವಳ ಒಂದು ಪ್ರೋಗ್ರಾಮಿಗೆ ಹತ್ತನ್ನು ಮೂವತ್ತು ಮಾಡಬೇಕಾದರೆ ಉಪೇಂದ್ರನ ಮುಂದೆ ಹೋಗಿ, ನಾನು ಬರೆದದ್ದು ಸರಿಯಿಲ್ಲ ಎಂದು ಒಪ್ಪಿಕೊಳ್ಳಬೇಕಾಗಿತ್ತು. ನಾಳೆ ಹೇಳೋಣ ಎಂದುಕೊಂಡ. ಮೂರು ವಾರ ನಾಳೆಗಳೇ ಬಂದವು.

ಅಕ್ಟೋಬರ್ ಮೂವತ್ತೊಂದಕ್ಕೆ ಅದು ಆಯಿತು. ಗಾನವಿಯ ಪ್ರೋಗ್ರಾಮು ಆ ತಿಂಗಳ ವಿಮೆಗಳನ್ನೆಲ್ಲ ಮೊದಲು ಮುಗಿದಿದೆ ಎಂದು ಗುರುತು ಹಾಕಿ, ಆಮೇಲೆ ಒಂದೊಂದನ್ನೇ ನವೀಕರಿಸುತ್ತಿತ್ತು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಚಂದ್ರಾಮನ ಕೋಡು ಅದರ ಕೀಲಿ ಕತ್ತರಿಸಿತು. ಅದುವರೆಗೆ ಆದವರು ಬದುಕಿಕೊಂಡರು. ಉಳಿದ ಹನ್ನೊಂದು ಸಾವಿರ ಜನ ಮುಗಿದವರಾಗಿಯೇ ಉಳಿದರು. ಸೋಮವಾರದ ಹೊತ್ತಿಗೆ ಆ ದೇಶದ ಔಷಧದ ಅಂಗಡಿಗಳಲ್ಲಿ ಸಕ್ಕರೆ ಕಾಯಿಲೆಯವರು, ಹೃದ್ರೋಗಿಗಳು ಚೀಟಿ ಹಿಡಿದು ನಿಂತು, ನಿಮಗೆ ವಿಮೆ ಇಲ್ಲ ಎನ್ನಿಸಿಕೊಂಡು ಬರಿಗೈಯಲ್ಲಿ ಮರಳುತ್ತಿದ್ದರು. ಅವರ ಬಗ್ಗೆ ಗಚ್ಚಿಬೌಲಿಯಲ್ಲಿ ಎರಡು ಗಂಟೆ ಮೀಟಿಂಗ್ ನಡೆಯಿತು. ಅವರಿಗೆ ಏನಾಯಿತೆಂದು ಆ ಎರಡು ಗಂಟೆಯಲ್ಲಿ ಒಬ್ಬರೂ ಕೇಳಲಿಲ್ಲ.

ಮೀಟಿಂಗಿನಲ್ಲಿ ಇದ್ದದ್ದು ಉಪೇಂದ್ರ, ಎಚ್ಆರ್ ಹೆಂಗಸು, ಗಾನವಿ, ಚಂದ್ರಾಮ.

"ಪೂಲ್ ನಿಮ್ಮದಲ್ವಾ, ಚಂದ್ರಾಮ್ ಅವರೇ?" ಎಂದ ಉಪೇಂದ್ರ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹೊತ್ತು. ಚಂದ್ರಾಮ ಹೆಗಲು ಮುಟ್ಟಲಿಲ್ಲ. ಅಷ್ಟರ ಮಟ್ಟಿಗೆ ಅವನೂ ಈ ಊರಿನ ಪಾಠ ಕಲಿತಿದ್ದ.

"ಪೂಲ್ ನನ್ನದ್ರಿ. ರೂಲ್ ಫೈಲಿನಾಗ ಬರೆದೈತಿ. ಹತ್ತು ನಿಮಿಷದಾಗ ಕೀಲಿ ತಗೀಬೇಕು. ತಗೀಲಿಲ್ಲಂದ್ರ ಅದು ಕೀಲಿ ಹಾಕಿದವರ ತಪ್ಪು."

ಗಾನವಿ ಅವನ ಕಡೆ ತಿರುಗಿದಳು. "ಸರ್, ನಾನು ನಿಮಗೆ ಹೇಳಿದ್ದೆ ಅಲ್ವಾ? ಟೀ ಮಷೀನ್ ಹತ್ರ."

"ಮೇಲ್ ಇದೆಯಾ?" ಎಂದ ಉಪೇಂದ್ರ.

ಮೇಲ್ ಇರಲಿಲ್ಲ. ಎಲ್ಲರೂ ಚಂದ್ರಾಮನನ್ನು ನೋಡಿದರು. ಅವನಿಗೆ ಅವಳು ಹೇಳಿದ ಇಪ್ಪತ್ತೈದು ನಿಮಿಷ ನೆನಪಿತ್ತು, ಅವಳ ಕೈಯಲ್ಲಿದ್ದ ಕಪ್ಪಿನ ಹಳದಿ ಬಣ್ಣವೂ ನೆನಪಿತ್ತು.

"ನನಗ ನೆನಪಿಲ್ರಿ," ಎಂದ.

"ನೋಡ್ತೀನಿ ಅಂದಿದ್ರಿ, ಸರ್," ಎಂದಳು ಗಾನವಿ, ಮೆಲ್ಲಗೆ. ಅಳಲಿಲ್ಲ. ಅತ್ತಿದ್ದರೆ ಅವನಿಗೆ ಹಗುರಾಗುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಗಾದೆ ಎಲ್ಲರೂ ಹೇಳುತ್ತಾರೆ. ಬರೆ ಎಳೆಯುವಾಗ ಎತ್ತು ಪಕ್ಕದಲ್ಲೇ ನಿಂತು ಮೇವು ತಿನ್ನುತ್ತಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. ಮರುದಿನ ಹನ್ನೊಂದಕ್ಕೆ ಅವಳ ಕಾರ್ಡು ಇಸಿದುಕೊಂಡು ಕಳಿಸಿದರು. ಚಂದ್ರಾಮ ಆ ಹೊತ್ತಿಗೆ ಸರಿಯಾಗಿ ಟಾಯ್ಲೆಟ್ಟಿನಲ್ಲಿದ್ದ, ಹದಿನೈದು ನಿಮಿಷ.

ಮನೆಯಲ್ಲಿ ಅವನ ಮುಖ ನೋಡಿ ಸಂಗಣ್ಣ ಏನಾಯಿತೆಂದು ಕೇಳಿದ. ಯಾರದೋ ಕೀಲಿ ಕತ್ತರಿಸಬೇಕಾಯಿತು, ಆ ಹುಡುಗಿಯ ಕೆಲಸ ಹೋಯಿತು ಎಂದು ಇವನು ಅರ್ಧಂಬರ್ಧ ಹೇಳಿದ.

"ಒಳಗ ನೋಡಿದ್ದ್ಯೋ ಇಲ್ಲೋ?"

"ಕಂಪ್ಯೂಟರ್‌ದಾಗ ಯಾರಿರ್ತಾರಪ್ಪಾ ಒಳಗ?" ಎಂದು ಚಂದ್ರಾಮ ರೇಗಿದ.

ಗಾನವಿ ಹೋದ ಮೇಲೆ ಉಪೇಂದ್ರ ಎರಡು ಹೊಸ ನಿಯಮ ತಂದ. ಒಂದು, ಇನ್ನು ಮೇಲೆ ಕೀಲಿ ತಾನಾಗಿ ಕತ್ತರಿಸುವಂತಿಲ್ಲ, ಫೈಲಿನ ಓನರಿಗೆ ಫೋನು ಮಾಡಿ ಒಪ್ಪಿಗೆ ಕೇಳಿಯೇ ಕತ್ತರಿಸಬೇಕು. ಎರಡು, ಪೂಲಿನ ಒಳಹೊರಗನ್ನೆಲ್ಲ ಚಂದ್ರಾಮ ಬರೆದಿಡಬೇಕು. ಚಂದ್ರಾಮ ಖುಷಿಯಾಗಿ ಬರೆದ. ನಲವತ್ತು ಪುಟ, ಚಿತ್ರಗಳ ಸಮೇತ. ತನ್ನ ತಲೆಯಲ್ಲಿ ಇದ್ದದ್ದನ್ನೆಲ್ಲ ಒಂದೂ ಬಿಡದೆ ಕಾಗದಕ್ಕೆ ಇಳಿಸಿದ. ಉಪೇಂದ್ರ ಭುಜ ತಟ್ಟಿದಾಗ ಇನ್ನು ಈ ಕಂಪನಿಯಲ್ಲಿ ಗಟ್ಟಿಯಾದೆ ಎಂದುಕೊಂಡ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಮೂರನೇ ಈಯತ್ತೆಯ ಮಗುವಿಗೂ ಗೊತ್ತು. ದೋಣಿಯನ್ನೂ ಬರೆದುಕೊಟ್ಟ ಅಂಬಿಗ ಇವನೊಬ್ಬನೇ ಇರಬೇಕು.

ಡಿಸೆಂಬರಿನ ಹದಿನೆಂಟು, ಗುರುವಾರ. ಊಟ ಮುಗಿಸಿ, ತೊಳೆದ ಡಬ್ಬಿ ಕೈಯಲ್ಲಿ ಹಿಡಿದು ಮೇಲೆ ಬಂದ. ನಾಲ್ಕನೇ ಮಹಡಿಗೆ ಎರಡು ಗಾಜಿನ ಬಾಗಿಲು, ನಡುವೆ ಒಬ್ಬ ನಿಲ್ಲುವಷ್ಟು ಜಾಗ. ಮೊದಲ ಬಾಗಿಲಿಗೆ ಕಾರ್ಡು ತೋರಿಸಿದ, ತೆರೆಯಿತು, ಹಿಂದಿನಿಂದ ಮುಚ್ಚಿಕೊಂಡಿತು. ಎರಡನೇ ಬಾಗಿಲಿಗೆ ತೋರಿಸಿದ, ಕೆಂಪು ದೀಪ ಬಂತು. ಮತ್ತೆ ತೋರಿಸಿದ. ಮತ್ತೆ ಕೆಂಪು. ಹಿಂದಿನದಕ್ಕೆ ತೋರಿಸಿದ, ಅದಕ್ಕೂ ಕೆಂಪು. ಎರಡು ಬಾಗಿಲುಗಳ ನಡುವಿನ ಆ ನಾಲ್ಕು ಸೆಕೆಂಡಿನಲ್ಲಿ ಮೇಲೆ ಯಾರೋ ಅವನ ಕಾರ್ಡು ರದ್ದು ಮಾಡಿದ್ದರು.

ಕಾವಲಿನವನು ಹೊರಗಿನಿಂದ ಬಗ್ಗಿ ನೋಡಿದ. "ಕಾರ್ಡ್ ಬಂದ್ ಹೋಗಯಾ, ಸಾಬ್," ಎಂದ. ತೆರೆಯಲು ಮೇಲಿನಿಂದ ಅಪ್ಪಣೆ ಬರಬೇಕಂತೆ. ಚಂದ್ರಾಮ ಇಪ್ಪತ್ತು ನಿಮಿಷ ಆ ಗಾಜಿನ ಡಬ್ಬಿಯಲ್ಲಿ ತನ್ನ ಸ್ಟೀಲಿನ ಡಬ್ಬಿ ಹಿಡಿದು ನಿಂತ. ಒಳಗೆ ತೊಂಬತ್ತು ಜನ ಕೂತಿದ್ದರು. ಮೊದಲು ಒಬ್ಬಿಬ್ಬರು ನೋಡಿದರು. ಆಮೇಲೆ ಎಲ್ಲರಿಗೂ ಲ್ಯಾಪ್‌ಟಾಪಿನಲ್ಲಿ ನೋಡುವಂಥದ್ದು ಏನೋ ಕಾಣಿಸಿತು. ಗಾಜಿಗೆ ಬಡಿಯಬೇಕೆಂದು ಕೈ ಎತ್ತಿದ, ಬಡಿದರೆ ಇನ್ನಷ್ಟು ಜನ ನೋಡುತ್ತಾರೆಂದು ಇಳಿಸಿದ. ಬೆವರಿನಿಂದ ಕೂದಲ ಬಣ್ಣ ಕರಗಿ ಕಿವಿಯ ಪಕ್ಕ ಇಳಿಯಿತು. ಅಷ್ಟು ಅವಮಾನ ಅವನ ಬದುಕಿನಲ್ಲಿ ಎಂದೂ ಆಗಿರಲಿಲ್ಲ.

ಕೊನೆಗೆ ಉಪೇಂದ್ರ ಬಂದ.

"ಅಯ್ಯೋ, ನೀವು ಒಳಗಿದ್ರಾ?" ಎಂದ. "ಎಚ್ಆರ್ ಬೆಳಿಗ್ಗೆನೇ ಮಾತಾಡಿರ್ತಾರೆ, ನೀವು ಹೋಗಿರ್ತೀರಾ ಅಂದ್ಕೊಂಡೆ."

ಎಚ್ಆರ್ ಮಾತಾಡಿರಲಿಲ್ಲ. ಅಲ್ಲೇ ಬಾಗಿಲ ಬಳಿ ಉಪೇಂದ್ರ ಎರಡು ಮಾತಿನಲ್ಲಿ ಮುಗಿಸಿದ. ಪೂಲು ಈಗ ತಾನಾಗಿ ನಡೆಯುತ್ತದೆ, ಡಾಕ್ಯುಮೆಂಟ್ ಭಾಳ ಚೆನ್ನಾಗಿದೆ, ಅದಕ್ಕಾಗಿ ಒಬ್ಬರನ್ನು ಇಟ್ಟುಕೊಳ್ಳುವ ಅಗತ್ಯವಿಲ್ಲ. ಮೇಜಿನ ಮೇಲಿನ ಸಾಮಾನು ಮನೆಗೆ ಬರುತ್ತದೆ. ಚಂದ್ರಾಮನಿಗೆ ಗಾನವಿಯ ಹಾಗೆ ಅಳದೆ ನಿಲ್ಲುವುದೂ ಆಗಲಿಲ್ಲ.

ನಾಲ್ಕನೇ ದಿನ ರಟ್ಟಿನ ಪೆಟ್ಟಿಗೆ ಬಂತು. ಚಪ್ಪಲಿ, ಮಗಳು ಮಾನಸಾಳ ಫೋಟೊ, ಕ್ಯಾಲೆಂಡರು. ತಳದಲ್ಲಿ ಇಪ್ಪತ್ತೇಳನೇ ನಂಬರಿನ ಕೀಲಿ. ಡ್ರಾಯರು ತೆರೆಯಬೇಕಲ್ಲ, ಕೊಂಡಿಯನ್ನು ಕೊಯ್ದಿದ್ದರು. ಚಾವಿ ಚಂದ್ರಾಮನ ಕಿಸೆಯಲ್ಲೇ ಇತ್ತು, ಕೇಳಿದ್ದರೆ ಕೊಡುತ್ತಿದ್ದ.

ಸಂಗಣ್ಣ ಕೀಲಿಯನ್ನು ಬೆಳಕಿಗೆ ಹಿಡಿದು, ಕೊಯ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿದ.

"ಗರಗಸದ್ದು," ಎಂದ. ಕೀಲಿಯನ್ನು ಕೆಳಗಿಟ್ಟು ಹೇಳಿದ, "ಮಲ್ಲಪ್ಪನ ಕೀಲಿ ಕೊಯ್ದಾವ ನಾನಽ, ತಮ್ಮಾ. ಸಾಹೇಬ ಹೇಳಿದ, ನಾ ಕೊಯ್ದೆ. ಒಂದ್ ಸಲ ಒದರಿ ಕೇಳಿದ್ರ ಅವ ಒಳಗಿಂದ ಓ ಅಂತಿದ್ದ. ನಾ ಒದರಲಿಲ್ಲ."

ಇಪ್ಪತ್ತನಾಲ್ಕು ವರ್ಷ ಹೆಂಡತಿಗೂ ಹೇಳದ ಮಾತು. ಮಗನಿಗೆ ಅದು ಉಪಯೋಗಕ್ಕೆ ಬರಲಿ ಎಂದು ಹೇಳಿದ. ಚಂದ್ರಾಮ ತಲೆ ತಗ್ಗಿಸಿ ಕೇಳಿದ. ಅವತ್ತಾದರೂ ಟೀ ಮಷೀನಿನ ಮಾತು ಬಾಯಿಗೆ ಬರಬೇಕಾಗಿತ್ತು, ಬರಲಿಲ್ಲ.

ಜನವರಿಯ ಕೊನೆಯ ಶನಿವಾರ, ಮೂವತ್ತೊಂದನೇ ತಾರೀಕು. ಮಾನಸಾ ಹಟ ಮಾಡಿದ್ದರಿಂದ ಎಲ್ಲರೂ ನಾಂಪಲ್ಲಿಯ ಎಕ್ಸಿಬಿಷನ್ನಿಗೆ ಹೋಗಿದ್ದರು. ಅಹಲ್ಯಾ ಬೆಡ್‌ಶೀಟಿನ ಅಂಗಡಿಯಲ್ಲಿ ಚೌಕಾಸಿಗೆ ನಿಂತಳು. ಸಂಗಣ್ಣ, ಚಂದ್ರಾಮ, ಮಗು ಬೆಂಚಿನ ಮೇಲೆ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದರು. ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ಚಂದ್ರಾಮನ ಫೋನು ರಿಂಗಣಿಸಿತು.

ಹೊಸ ಹುಡುಗಿಯೊಬ್ಬಳ ದನಿ. ಫೈಲಿನ ಮೊದಲ ಸಾಲಿನಲ್ಲಿ ಹೆಸರು ನೋಡಿ ಕನ್ನಡದವರೆಂದು ತಿಳಿದು ಕನ್ನಡದಲ್ಲೇ ಮಾತಾಡಿದಳು. ಅವನ ನಂತರ ಓನರ್ ಆಗಲು ಯಾರೂ ಕೈ ಎತ್ತಿರಲಿಲ್ಲ, ಹೆಸರು ಹಾಗೆಯೇ ಇತ್ತು. ಡಿಸೆಂಬರಿನ ಕೊನೆಗೆ ಅಮೆರಿಕದಲ್ಲಿ ರಜೆಯ ಹೊತ್ತು, ತಡವಾದದ್ದನ್ನು ಯಾರೂ ಗಮನಿಸಿರಲಿಲ್ಲ.

"ಸರ್, ಪೂಲ್ ಕ್ಲೋಸ್ ಆಗ್ತಿಲ್ಲ. ಒಂದು ಕೀಲಿ ಬಾಕಿ ತೋರಿಸ್ತಿದೆ. ನೀವು ಓಕೆ ಅಂದ್ರೆ ಕಟ್ ಮಾಡ್ಬೇಕಂತೆ."

"ಯಾರ ಕೀಲಿ?"

"ರಿನ್ಯೂವಲ್ ಅಂತಿದೆ, ಸರ್. ಅದನ್ನ ಬರೆದವರು ಈಗಿಲ್ವಂತೆ. ಉಪೇಂದ್ರ ಸರ್ ಅರ್ಜೆಂಟ್ ಅಂತಿದ್ದಾರೆ."

ತಿಂಗಳ ಕೊನೆಯ ದಿನ. ಇನ್ನು ಹದಿಮೂರು ನಿಮಿಷ ಕಾದರೆ ಗಾನವಿಯ ಪ್ರೋಗ್ರಾಮು ತನ್ನ ಕೆಲಸ ಮುಗಿಸಿ ತನ್ನ ಕೀಲಿ ತಾನೇ ತೆಗೆಯುತ್ತದೆಂದು ಇಡೀ ಹೈದರಾಬಾದಿನಲ್ಲಿ ಖಚಿತವಾಗಿ ಗೊತ್ತಿದ್ದವನು ಚಂದ್ರಾಮನೊಬ್ಬನೇ. ಅವನಿಗೆ ಗಾಜಿನ ಬಾಗಿಲು ನೆನಪಾಯಿತು, ಇಪ್ಪತ್ತು ನಿಮಿಷ ನೆನಪಾಯಿತು, ಕಿವಿಯ ಪಕ್ಕ ಇಳಿದ ಬಣ್ಣ ನೆನಪಾಯಿತು. ಔಷಧದ ಅಂಗಡಿಯ ಮುಂದಿನ ಜನ ನೆನಪಾಗಲಿಲ್ಲ. ಕಾಯಿರಿ ಎಂಬ ಒಂದು ಮಾತು ಸಾಕಾಗಿತ್ತು.

"ಒಳಗ ಯಾರೂ ಇಲ್ಲ," ಎಂದ. "ಕೊಯ್ರಿ."

"ಥ್ಯಾಂಕ್ಸ್ ಸರ್," ಎಂದಳು ಹುಡುಗಿ. ಮೇಲ್ ಕಳಿಸಿ ಎಂದು ಅವಳೂ ಕೇಳಲಿಲ್ಲ.

ಫೋನು ಕಿಸೆಗೆ ಹಾಕಿದಾಗ ಅವನಿಗೆ ಸುಖವಾಯಿತು, ಸುಳ್ಳು ಯಾಕೆ ಹೇಳಲಿ. ಎಷ್ಟೋ ದಿನದ ಮೇಲೆ ಎದೆ ತುಂಬ ಉಸಿರಾಡಿದ. ಆಮೇಲೆ ಪಕ್ಕಕ್ಕೆ ತಿರುಗಿದ. ಸಂಗಣ್ಣ ಮಿರ್ಚಿಯ ಕಾಗದವನ್ನು ಕೆಳಗಿಟ್ಟು ಅವನನ್ನೇ ನೋಡುತ್ತಿದ್ದ. ಆ ಸಂಭಾಷಣೆಯಲ್ಲಿ ಮುದುಕನಿಗೆ ಅರ್ಥವಾಗುವಂಥದ್ದು ಎರಡೇ ಮಾತು ಇದ್ದದ್ದು. ಆ ಎರಡನ್ನೂ ಅವನು ಅದೇ ಕ್ರಮದಲ್ಲಿ, ಅದೇ ದನಿಯಲ್ಲಿ ಒಮ್ಮೆ ಕೇಳಿದ್ದ.

"ಒಳಗ ಯಾರಿದ್ರು, ತಮ್ಮಾ?" ಎಂದು ಕೇಳಿದ.

ಸಂಗಣ್ಣ ಕೋಲು ಊರಿ ಎದ್ದು, ಮೊಮ್ಮಗಳ ಕೈ ಹಿಡಿದ.

"ನಡಿ ಅವ್ವಾ, ಮನೀಗೆ ಹೋಗೂಣು."

"ಅಪ್ಪ ಬರಂಗಿಲ್ಲೇನು?" ಎಂದಳು ಮಾನಸಾ. ಮುದುಕ ಅವಳನ್ನು ಕರೆದುಕೊಂಡು ಗೇಟಿನ ಕಡೆ ನಡೆದ.